‘ಹುಳ’ ಎಂಬ ಒಂದೇ ಮಾತು: ಪ್ರಾಥಮಿಕ ಶಾಲೆಯ ಕೀಟ–ಜೇಡಗಳ ಪಾಠವೂ ಗ್ರಾಮ ಪಂಚಾಯಿತಿಯೂ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಬಯಲುಸೀಮೆಯ ಹಳ್ಳಿಗಳಲ್ಲಿ ‘ಹುಳ ಮುಟ್ಟಿತು’ ಎಂದರೆ ಹಾವು ಕಚ್ಚಿತು ಎಂದೇ ಅರ್ಥ. ಹಾವಿನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಹಿರಿಯರ ಅಂಜಿಕೆಯಿಂದ ಬಂದ ರೂಢಿಯಿದು. ಅದೇ ಹಳ್ಳಿಯಲ್ಲಿ ಅವರೆಕಾಯಿಯೊಳಗಿರುವುದೂ ಹುಳ, ಅಕ್ಕಿಯ ಮೂಟೆಯಲ್ಲಿರುವುದೂ ಹುಳ, ಮಗುವಿನ ಹೊಟ್ಟೆಯಲ್ಲಿರುವುದೂ ಹುಳ. ಹೊಲವನ್ನು ಫಲವತ್ತಾಗಿಸುವುದು ಎರೆಹುಳ, ಮೊಳಕಾಲ್ಮೂರಿನ ಸೀರೆಗೆ ನೂಲು ಕೊಡುವುದು ರೇಷ್ಮೆಹುಳ. ದೊಡ್ಡವರಿಗೆ ಸಂದರ್ಭದಿಂದ ಅರ್ಥ ತಿಳಿಯುತ್ತದೆ. ಆದರೆ ಶಾಲೆಯ ಜಗುಲಿಯ ಮೂಲೆಯಿಂದ ಅಳುತ್ತ ಬಂದ ಎಂಟು ವರ್ಷದ ಮಗುವೊಂದು ‘ಹುಳ ಕಚ್ಚಿತು’ ಎಂದಾಗ ಶಿಕ್ಷಕರ ಮುಂದೆ ನಿಲ್ಲುವ ಪ್ರಶ್ನೆ ಬಹಳ ದೊಡ್ಡದು. ಕಚ್ಚಿದ್ದು ಕೆಂಜಿಗವೋ, ಕಣಜವೋ, ಚೇಳೋ, ಹಾವೋ? ಸುಣ್ಣ ಹಚ್ಚಿ ಕೂರಿಸಬೇಕೋ, 108 ವಾಹನಕ್ಕೆ ಕರೆ ಮಾಡಬೇಕೋ?

‘ಅದಕ್ಕೆ ಕಾಲಿದ್ದವೇ? ಎಷ್ಟು? ಬಾಲವನ್ನು ಮೇಲಕ್ಕೆ ಮಡಚಿತ್ತೇ?’ ಎಂಬ ಪ್ರಶ್ನೆಗಳಿಗೆ ಉತ್ತರಿಸಬಲ್ಲ ಮಗು ತನ್ನ ಜೀವಕ್ಕೆ ತಾನೇ ಒಂದು ಆಸರೆಯನ್ನು ಮಾಡಿಕೊಂಡಂತೆ. ಪ್ರಾಥಮಿಕ ಶಾಲೆಯಲ್ಲಿ ಪರಿಸರ ಅಧ್ಯಯನದ ಅಂಗವಾಗಿ ಕಲಿಸುವ ಕೀಟ ಮತ್ತು ಜೇಡಗಳ ಪಾಠವನ್ನು ಚಿತ್ರಕ್ಕೆ ಬಣ್ಣ ತುಂಬುವ ಹಗುರವಾದ ಪಾಠವೆಂದು ಭಾವಿಸುವುದು ಸಾಮಾನ್ಯ. ವಾಸ್ತವದಲ್ಲಿ ಅದು ಒಂದೇ ಹೆಸರಿನ ಕೆಳಗೆ ಸೇರಿಹೋಗಿರುವ ಹಲವು ಜೀವಿಗಳನ್ನು ಬೇರ್ಪಡಿಸಿ ನೋಡುವ ಪಾಠ. ಹೀಗೆ ಬೇರ್ಪಡಿಸಿ ನೋಡಬೇಕಾದ ಸಂದರ್ಭಗಳು ಗ್ರಾಮ ಪಂಚಾಯಿತಿಯ ಕೆಲಸಗಳಲ್ಲೂ ಮೇಲಿಂದ ಮೇಲೆ ಬರುತ್ತವೆ.

ಕಾಲೆಣಿಕೆಯಿಂದ ಆರಂಭ

ಪಾಠದ ಮೊದಲ ಮೆಟ್ಟಿಲು ಎಣಿಕೆ. ಕೀಟಕ್ಕೆ ಆರು ಕಾಲು, ದೇಹದಲ್ಲಿ ತಲೆ, ಎದೆ, ಹೊಟ್ಟೆ ಎಂಬ ಮೂರು ಭಾಗ, ತಲೆಯ ಮೇಲೆ ಒಂದು ಜೊತೆ ಕುಡಿಮೀಸೆ, ಹೆಚ್ಚಿನವುಗಳಿಗೆ ರೆಕ್ಕೆ. ಜೇಡಕ್ಕೆ ಎಂಟು ಕಾಲು. ತಲೆ ಮತ್ತು ಎದೆ ಒಂದಾಗಿ ಕೂಡಿರುವುದರಿಂದ ದೇಹದಲ್ಲಿ ಎರಡೇ ಭಾಗ. ಕುಡಿಮೀಸೆಯೂ ಇಲ್ಲ, ರೆಕ್ಕೆಯೂ ಇಲ್ಲ. ಎಂಟು ಕಾಲಿನ ಈ ಬಳಗಕ್ಕೆ ಚೇಳು, ದನಕರುಗಳ ಮೈಗೆ ಅಂಟುವ ಉಣ್ಣೆ ಮತ್ತು ಬೆಳೆಗೆ ಬೀಳುವ ನುಸಿ ಸೇರಿವೆ. ಹೊಸದುರ್ಗ, ಹೊಳಲ್ಕೆರೆಯ ತೆಂಗು ಬೆಳೆಗಾರರು ಕಂಡಿರುವ ಕಾಯಿನುಸಿಯೂ ಇದೇ ಬಳಗದ ದೂರದ ನೆಂಟ. ಆದರೆ ಅದು ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು, ಅದಕ್ಕಿರುವುದೂ ನಾಲ್ಕೇ ಕಾಲು. ಜಗತ್ತಿನಲ್ಲಿ ಈವರೆಗೆ ಹೆಸರಿಡಲಾದ ಕೀಟ ಪ್ರಭೇದಗಳು ಸುಮಾರು 10 ಲಕ್ಷ. ಜೇಡಗಳ ಪಟ್ಟಿ 2022ರಲ್ಲಿ 50,000ವನ್ನು ದಾಟಿತು.

ನಿಯಮವನ್ನು ಉರು ಹೊಡೆಸಿದರೆ ಪಾಠ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ನಿಜವಾದ ಕಲಿಕೆ ಆರಂಭವಾಗುವುದು ನಿಯಮ ತಪ್ಪಿದಂತೆ ಕಂಡಾಗ. ಎಕ್ಕದ ಗಿಡದ ಮೇಲಿನ ಮರಿಹುಳುವಿನ ಕಾಲುಗಳನ್ನು ಎಣಿಸಿದ ಮಗು ‘ಹದಿನಾರು’ ಎನ್ನುತ್ತದೆ; ಅದರ ಲೆಕ್ಕ ತಪ್ಪಲ್ಲ. ಎದೆಯ ಭಾಗದಲ್ಲಿರುವ ಮೂರು ಜೊತೆ ಮಾತ್ರ ನಿಜವಾದ ಕಾಲು, ಹಿಂದಿನ ಐದು ಜೊತೆ ಎಲೆಯನ್ನು ಹಿಡಿದುಕೊಳ್ಳಲು ಇರುವ ಮಾಂಸದ ಗುಬುಟುಗಳು. ಅದೇ ಹುಳು ಕೋಶವಾಗಿ ಚಿಟ್ಟೆಯಾಗಿ ಹೊರಬಂದಾಗ ಆ ಹತ್ತು ಮಾಯವಾಗಿ ಆರೇ ಉಳಿಯುತ್ತವೆ. ಮೊದಲ ಮಳೆಯ ಮರುದಿನ ಕೆಮ್ಮಣ್ಣಿನ ಮೇಲೆ ಹರಿದಾಡುವ ಕೆಂಪು ಮಖಮಲ್ಲಿನಂಥ ಜೀವಿಯನ್ನು ಹಳ್ಳಿಯ ಮಕ್ಕಳೆಲ್ಲ ಬಲ್ಲರು. ಅದು ಕೀಟವಲ್ಲ, ಎಂಟು ಕಾಲಿನ ನುಸಿಯ ಜಾತಿ. ಆದರೆ ಅದರ ಮರಿಗೆ ಆರೇ ಕಾಲು. ಎರೆಹುಳುವಿಗೂ ಜಂತುಹುಳುವಿಗೂ ಕಾಲೇ ಇಲ್ಲ, ಇವೆರಡೂ ಕೀಟಗಳಲ್ಲ. ಫೆಬ್ರವರಿ ಮತ್ತು ಆಗಸ್ಟ್ ತಿಂಗಳಲ್ಲಿ ಶಾಲೆಯಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆ ಯಾವ ‘ಹುಳ’ಕ್ಕೆ ಎಂಬುದು ಮಗುವಿಗೆ ತಿಳಿಯುವುದು ಈ ಹಂತದಲ್ಲಿ.

ಕನ್ನಡ ಭಾಷೆಯೂ ಇಲ್ಲಿ ಶಿಕ್ಷಕರ ನೆರವಿಗೆ ಬರುತ್ತದೆ. ಜೇಡ ಎಂಬ ಮಾತಿಗೆ ನೇಕಾರ ಎಂಬ ಅರ್ಥವೂ ಇದೆ. ವಚನಕಾರ ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಅದೇ ಮಾತು. ನೇಯುವ ಹುಳುವಿಗೂ ನೇಯುವ ಮನುಷ್ಯನಿಗೂ ಒಂದೇ ಹೆಸರಿಟ್ಟ ಜನ ಜೇಡವನ್ನು ಅಸಹ್ಯದಿಂದ ನೋಡಿರಲಾರರು. ಇಂದು ಶಾಲೆಯ ಗೋಡೆಯ ಮೇಲೆ ಜೇಡ ಕಂಡೊಡನೆ ಪೊರಕೆಯನ್ನೋ ಚಪ್ಪಲಿಯನ್ನೋ ಹುಡುಕುವ ಅಭ್ಯಾಸ ಬಂದಿದೆ. ಬೇಟೆಯನ್ನು ನಿಶ್ಚೇಷ್ಟಗೊಳಿಸಲು ಬಹುತೇಕ ಎಲ್ಲ ಜೇಡಗಳಿಗೂ ವಿಷವಿದೆ ಎಂಬುದು ನಿಜ. ಆದರೆ ಮನುಷ್ಯನಿಗೆ ಅಪಾಯ ತರುವಂಥವು ಬಹಳ ಅಪರೂಪ.

ಚಂದ್ರವಳ್ಳಿಯಲ್ಲಿ ನೋಡಬಹುದಾದುದು

ಜಿಲ್ಲೆಯ ಅನೇಕ ಶಾಲೆಗಳ ಮಕ್ಕಳು ಒಂದು ದಿನದ ಪ್ರವಾಸಕ್ಕೆಂದು ಚಿತ್ರದುರ್ಗದ ಕೋಟೆಗೂ ಅದರ ಮಗ್ಗುಲಲ್ಲಿರುವ ಚಂದ್ರವಳ್ಳಿಗೂ ಬರುತ್ತಾರೆ. 1929ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ನಡೆಸಿದ ಉತ್ಖನನ, ಇಲ್ಲಿ ದೊರೆತ ಶಾತವಾಹನರ ಮತ್ತು ರೋಮನರ ನಾಣ್ಯಗಳು, ಅಂಕಲಿ ಮಠದ ಗುಹೆಗಳು, ಕೆರೆಯನ್ನು ಉಲ್ಲೇಖಿಸುವ ಕದಂಬ ಮಯೂರಶರ್ಮನ ಬಂಡೆ ಶಾಸನ, ಇಷ್ಟನ್ನೂ ವಿವರಿಸುವಷ್ಟರಲ್ಲಿ ಊಟದ ಹೊತ್ತಾಗುತ್ತದೆ. ಊಟದ ನಂತರದ ಒಂದು ಗಂಟೆಯನ್ನು ಇದೇ ಕಣಿವೆಯ ಸಣ್ಣ ಜೀವಿಗಳಿಗೆ ಮೀಸಲಿಟ್ಟರೆ ಪ್ರವಾಸದ ಖರ್ಚು ಒಂದು ರೂಪಾಯಿಯಷ್ಟೂ ಹೆಚ್ಚುವುದಿಲ್ಲ.

ಕೆರೆಯ ಅಂಚಿನಲ್ಲಿ ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಕೀಟ ಹಾರಾಡುತ್ತದೆ. ಅದು ಚಿಟ್ಟೆಯಲ್ಲ. ಅದರ ಮರಿ ನೀರಿನೊಳಗೆ ಬೆಳೆಯುತ್ತ ಸೊಳ್ಳೆಯ ಮರಿಗಳನ್ನು ತಿನ್ನುತ್ತದೆ, ರೆಕ್ಕೆ ಬಂದ ಮೇಲೆ ಹಾರುವ ಸೊಳ್ಳೆಯನ್ನೂ ಬಿಡುವುದಿಲ್ಲ. ಮಳೆ ತಾಗದ ಬಂಡೆಯ ಚಾಚಿನ ಕೆಳಗೆ, ನುಣುಪು ಧೂಳಿನಲ್ಲಿ, ಆಲಿಕೆಯ ಆಕಾರದ ಪುಟ್ಟ ಗುಳಿಗಳನ್ನು ಹುಡುಕಬಹುದು. ಗುಳಿಯ ತಳದಲ್ಲಿ ಮಣ್ಣಿನೊಳಗೆ ಅಡಗಿರುವ ಹುಳು ಜಾರಿಬಿದ್ದ ಇರುವೆಯನ್ನು ಹಿಡಿದು ಹೀರುತ್ತದೆ. ಅಂಗೈಯಲ್ಲಿಟ್ಟರೆ ಹಿಂದಕ್ಕೇ ನಡೆಯುವ ಈ ಹುಳುವಿಗೆ ಮಕ್ಕಳು ಊರಿಗೊಂದು ಹೆಸರಿಟ್ಟಿರುತ್ತಾರೆ. ಮುಂದೆ ಅದೇ ಹುಳು ತೆಳುರೆಕ್ಕೆಯ ಹಾರುವ ಕೀಟವಾಗುತ್ತದೆ ಎಂದಾಗ ನಂಬುವ ಮಕ್ಕಳು ಕಡಿಮೆ. ಒಂದು ಡಬ್ಬಿಯಲ್ಲಿ ಧೂಳಿನೊಡನೆ ತಂದು, ಇರುವೆ ಹಾಕಿ ಸಾಕಿ ನೋಡಿದವರು ಮಾತ್ರ ನಂಬುತ್ತಾರೆ.

ಬಯಲಿನ ಜಾಲಿ, ಕಾರೆ, ಬೋರೆಯ ಮುಳ್ಳುಪೊದೆಗಳಲ್ಲಿ ಕೊಳೆಯಾದ ಹತ್ತಿಯ ಮುದ್ದೆಯಂತೆ ಕಾಣುವ ಗೂಡುಗಳು ಸದಸ್ಯರಿಗೆ ಪರಿಚಿತ. ಹೊಲದ ಬೇಲಿಯಲ್ಲಿಯೂ ಇವು ಇರುತ್ತವೆ. ಇದು ಸಂಘಜೀವಿ ಜೇಡದ ಮನೆ. ವಿಜ್ಞಾನಿಗಳು ಸ್ಟೆಗೋಡಿಫಸ್ ಸರಸಿನೋರಮ್ ಎಂದು ಕರೆಯುತ್ತಾರೆ. ಜಗತ್ತಿನ ಜೇಡಗಳಲ್ಲಿ ಬಹುಪಾಲು ಒಂಟಿಯಾಗಿ ಬಾಳುವಂಥವು; ಒಂದು ಇನ್ನೊಂದನ್ನು ಕಂಡರೆ ತಿಂದುಬಿಡುವುದೂ ಉಂಟು. ಇವು ಮಾತ್ರ ಹತ್ತಾರು, ಕೆಲವೊಮ್ಮೆ ನೂರಾರು ಕೂಡಿ ಒಂದೇ ಗೂಡು ಕಟ್ಟಿ, ಒಂದೇ ಬಲೆ ಹರಡಿ, ತಮಗಿಂತ ಹಲವು ಪಟ್ಟು ದೊಡ್ಡ ಮಿಡತೆಯನ್ನು ಒಟ್ಟಾಗಿ ಎಳೆದು ಹಂಚಿಕೊಳ್ಳುತ್ತವೆ. ತಾಯಿಜೇಡ ತಾನು ಜೀರ್ಣಿಸಿದ ಆಹಾರವನ್ನು ಮರಿಗಳಿಗೆ ಕಕ್ಕಿ ಉಣಿಸುತ್ತದೆ; ಕೊನೆಗೆ ತನ್ನ ದೇಹವನ್ನೇ ಅವುಗಳಿಗೆ ಆಹಾರವಾಗಿ ಬಿಟ್ಟುಕೊಡುತ್ತದೆ. ಇಷ್ಟನ್ನು ಕೇಳಿದ ತರಗತಿಯಲ್ಲಿ ಸ್ವಲ್ಪ ಹೊತ್ತು ಸದ್ದಿರುವುದಿಲ್ಲ. ಶಾಲಾ ಆವರಣದ ‘ಸ್ವಚ್ಛತೆ’ಯ ಹೆಸರಿನಲ್ಲಿ ಮೊದಲು ಬೆಂಕಿಗೆ ಬೀಳುವುದು ಇಂಥ ಪೊದೆಗಳೇ. ಮಕ್ಕಳು ಓಡಾಡುವ ದಾರಿಯಲ್ಲಿರುವ ಮುಳ್ಳನ್ನು ತೆಗೆಸಲೇಬೇಕು; ಹಿಂಬದಿಯ ಬೇಲಿಯಲ್ಲಿರುವ ಒಂದೆರಡು ಪೊದೆಗಳನ್ನು ಪಾಠಕ್ಕೆಂದು ಉಳಿಸಿದರೆ ಯಾರಿಗೂ ತೊಂದರೆಯಿಲ್ಲ.

ಪ್ರವಾಸದಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಂಡೆಯ ಚಾಚು, ಎತ್ತರದ ಮರ, ನೀರಿನ ಟ್ಯಾಂಕಿನ ತಳ ಇವು ಹೆಜ್ಜೇನಿಗೆ ಪ್ರಿಯವಾದ ಸ್ಥಳಗಳು. ಹುಟ್ಟು ಕಂಡಲ್ಲಿ ಕಲ್ಲೆಸೆಯುವುದು, ಹೊಗೆ ಹಾಕುವುದು, ಕೂಗಾಡುವುದು ಯಾವುದೂ ಸಲ್ಲದು.

ಹೊಲದ ಲೆಕ್ಕ

ಈ ಪಾಠದಿಂದ ರೈತ ಕುಟುಂಬಕ್ಕೇನು ಪ್ರಯೋಜನ ಎಂದು ಕೇಳುವವರಿಗೆ ಜಿಲ್ಲೆಯ ಬೆಳೆಗಳೇ ಉತ್ತರ ಹೇಳುತ್ತವೆ. ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲ ಬಾರಿಗೆ ಪತ್ತೆಯಾದದ್ದು 2018ರಲ್ಲಿ, ನೆರೆಯ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂಥ ಗೆರೆ, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕಿ: ಇವೇ ಅದರ ಗುರುತು. ಐದನೆಯ ತರಗತಿಯ ಮಗು ಒಂದು ಭೂತಗನ್ನಡಿಯಿಂದ ಇದನ್ನು ಗುರುತಿಸಬಲ್ಲದು. ಸುಳಿಯೊಳಗೆ ಹುಳು ಇನ್ನೂ ಚಿಕ್ಕದಿರುವಾಗಲೇ ಗುರುತಿಸಿದರೆ ಹತೋಟಿ ಸಾಧ್ಯ. ಬಲಿತ ಮೇಲೆ ಸಿಂಪಡಿಸಿದ ಔಷಧ ಬಹುಪಾಲು ವ್ಯರ್ಥ.

ಹಿರಿಯೂರು, ಚಳ್ಳಕೆರೆಯ ಶೇಂಗಾ ಹೊಲಗಳಿಗೆ ಬೀಳುವ ಕೆಂಪುತಲೆ ಕಂಬಳಿಹುಳುವಿನ ಕಥೆ ಇನ್ನೂ ಹಳೆಯದು. ಅದರ ಕೋಶಗಳು ಬದುವಿನ ಮಣ್ಣಿನಲ್ಲಿ, ಮರದ ನೆರಳಿನಲ್ಲಿ ತಿಂಗಳುಗಟ್ಟಲೆ ನಿದ್ರಿಸಿ, ಮುಂಗಾರಿನ ಮೊದಲ ಜೋರು ಮಳೆ ಬಿದ್ದ ಒಂದೆರಡು ದಿನಗಳಲ್ಲಿ ಪತಂಗಗಳಾಗಿ ಒಮ್ಮೆಲೇ ಹೊರಬರುತ್ತವೆ. ಒಂದೊಂದು ಹೆಣ್ಣು ನೂರಾರು ಮೊಟ್ಟೆಗಳನ್ನಿಡುತ್ತದೆ. ಒಬ್ಬ ರೈತ ತನ್ನ ಹೊಲದಲ್ಲಷ್ಟೇ ದೀಪದ ಬಲೆ ಇಟ್ಟರೆ ಸಾಲದು, ಏಕೆಂದರೆ ಬೆಳೆದ ಹುಳುಗಳು ಸಾಲುಗಟ್ಟಿ ಹೊಲದಿಂದ ಹೊಲಕ್ಕೆ ಹರಿಯುತ್ತವೆ. ಇಡೀ ಊರು ಒಂದೇ ವಾರದಲ್ಲಿ ಮಾಡಿದರೆ ಮಾತ್ರ ಫಲ ಕಾಣುವ ಕೆಲಸವಿದು. ಆದ್ದರಿಂದಲೇ ಪಂಚಾಯಿತಿಗೆ ಸಂಬಂಧಿಸಿದ್ದು. ಮಳೆ ಬಿದ್ದ ಸಂಜೆ ಬೀದಿದೀಪದ ಕೆಳಗೆ ಬಿಳಿ ಮುಂರೆಕ್ಕೆಯ ಪತಂಗ ಎಷ್ಟು ಬಂದಿವೆ ಎಂದು ಎಣಿಸಿ ಮರುದಿನ ಶಾಲೆಯ ಕಪ್ಪುಹಲಗೆಯ ಮೇಲೆ ಬರೆಯುವ ಮಕ್ಕಳು ಊರಿಗೇ ಮುನ್ಸೂಚನೆ ಕೊಟ್ಟಂತಾಗುತ್ತದೆ.

ಎಲ್ಲ ಹುಳುವೂ ಶತ್ರುವಲ್ಲ ಎಂಬುದಕ್ಕೂ ಉದಾಹರಣೆಗಳು ದೂರವಿಲ್ಲ. ತೆಂಗಿನ ಗರಿಯನ್ನು ಒಣಗಿಸುವ ಕಪ್ಪುತಲೆ ಹುಳುವಿನ ಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಗೋನಿಯೋಜಸ್ ಎಂಬ ಪುಟ್ಟ ಕಣಜವನ್ನು ತೋಟಗಾರಿಕೆ ಇಲಾಖೆಯ ಪ್ರಯೋಗಾಲಯಗಳು ಸಾಕಿ ರೈತರಿಗೆ ಕೊಡುತ್ತವೆ. ಶಾಲೆಯ ಹಿಂದಿನ ಪಾರ್ಥೇನಿಯಂ ಗಿಡವನ್ನು ಮಳೆಗಾಲದಲ್ಲಿ ನೋಡಿದರೆ ಬಿಳಿಮೈಯ ಮೇಲೆ ಕಂದು ಗೆರೆಗಳಿರುವ ಜೀರುಂಡೆ ಎಲೆ ತಿನ್ನುತ್ತಿರುತ್ತದೆ; ಈ ಕಳೆಯನ್ನು ತಿನ್ನಲೆಂದೇ 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತರಿಸಿ, ಪರೀಕ್ಷಿಸಿ, ಬಿಡುಗಡೆ ಮಾಡಿದ ಕೀಟದ ಸಂತತಿ ಅದು. ಗುಲಗಂಜಿ ಹುಳುವನ್ನು ಎಲ್ಲರೂ ಮೆಚ್ಚುತ್ತಾರೆ. ಅದರ ಮರಿ ಮಾತ್ರ ಮೊಸಳೆಮರಿಯಂತೆ ಒರಟಾಗಿ ಕಾಣುವುದರಿಂದ ಔಷಧಕ್ಕೆ ಬಲಿಯಾಗುತ್ತದೆ; ಸಸ್ಯಹೇನನ್ನು ಎಡೆಬಿಡದೆ ತಿನ್ನುವ ಆ ಮರಿಯನ್ನೇ ಕೊಂದ ರೈತ ಮುಂದಿನ ವಾರ ಮತ್ತೆ ಔಷಧದ ಅಂಗಡಿಗೆ ಹೋಗಬೇಕಾಗುತ್ತದೆ.

ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ

ಶಾಲೆಯಲ್ಲಿ ಹುಳ ಹೆಚ್ಚಾಗಿದೆ ಎಂಬ ದೂರು ಬಂದಾಗ ಹೊಲಕ್ಕೆ ತಂದ ಕೀಟನಾಶಕವನ್ನೇ ಕೊಠಡಿಗೂ ಸಿಂಪಡಿಸುವ ಸಲಹೆ ಸಭೆಯಲ್ಲಿ ಕೇಳಿಬರುವುದುಂಟು. ಇದನ್ನು ಸದಸ್ಯರು ತಡೆಯಬೇಕು. ಬೆಳೆಗೆಂದು ತಯಾರಾದ ವಿಷ ಮಕ್ಕಳು ಕುಳಿತುಕೊಳ್ಳುವ ನೆಲಕ್ಕೆ ತಕ್ಕದ್ದಲ್ಲ. 2013ರ ಜುಲೈ ತಿಂಗಳಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಪ್ರಾಥಮಿಕ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಮೃತಪಟ್ಟರು. ಆಹಾರದಲ್ಲಿ ಮೋನೋಕ್ರೋಟೋಫಾಸ್ ಎಂಬ ಕೀಟನಾಶಕ ಸೇರಿದ್ದುದು ಪರೀಕ್ಷೆಯಿಂದ ತಿಳಿಯಿತು. ಕೀಟನಾಶಕದ ಖಾಲಿ ಡಬ್ಬಿಯಾಗಲಿ ತುಂಬಿದ ಡಬ್ಬಿಯಾಗಲಿ ಶಾಲೆಯ ಉಗ್ರಾಣದೊಳಗೆ ಇರಕೂಡದು. ಈ ಒಂದು ಸಂಗತಿಯನ್ನು ಸದಸ್ಯರು ಶಾಲೆಗೆ ಭೇಟಿ ಕೊಟ್ಟಾಗಲೆಲ್ಲ ಕಣ್ಣಾರೆ ನೋಡಬೇಕು. ಅಕ್ಕಿಗೆ ಬಿದ್ದ ಹುಳುವಿಗೆ ಬಿಸಿಲು, ಜರಡಿ ಮತ್ತು ಮುಚ್ಚಳ ಭದ್ರವಿರುವ ಪಾತ್ರೆಯೇ ಮದ್ದು.

ವಿದ್ಯಾರ್ಥಿನಿಲಯ, ವಸತಿ ಶಾಲೆಗಳಿರುವ ಪಂಚಾಯಿತಿಗಳು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಮಳೆಗಾಲದಲ್ಲಿ ಮಕ್ಕಳ ಕತ್ತು, ಮುಖದ ಮೇಲೆ ಬೆಳಗಾಗುವಷ್ಟರಲ್ಲಿ ಗೆರೆ ಎಳೆದಂತೆ ಉರಿಯುವ ಬೊಬ್ಬೆಗಳು ಏಳುವುದುಂಟು. ಅದನ್ನು ‘ಜೇಡ ಹರಿದದ್ದು’ ಎನ್ನುತ್ತಾರೆ. ಜೇಡ ಇಲ್ಲಿ ನಿರಪರಾಧಿ. ರಾತ್ರಿ ದೀಪಕ್ಕೆ ಬರುವ ಪೀಡೆರಸ್ ಎಂಬ, ಕಪ್ಪು ಮತ್ತು ಕಿತ್ತಳೆ ಬಣ್ಣದ ಪಟ್ಟೆಗಳಿರುವ, ಇರುವೆಯಂತೆ ಕಾಣುವ ಜೀರುಂಡೆಯನ್ನು ನಿದ್ದೆಗಣ್ಣಿನಲ್ಲಿ ಮೈಮೇಲೆ ಉಜ್ಜಿದಾಗ ಅದರ ದೇಹದ ರಸ ತಾಗಿ ಹೀಗಾಗುತ್ತದೆ. ಉಜ್ಜದೆ ಊದಿ ಕೊಡವಬೇಕು, ತಾಗಿದ ಜಾಗವನ್ನು ಸಾಬೂನಿನಿಂದ ತೊಳೆಯಬೇಕು. ಮಲಗುವ ಕೊಠಡಿಯ ಕಿಟಕಿಗೆ ಜಾಲರಿ ಹಾಕಿಸಿ, ದೀಪವನ್ನು ಬೇಗ ಆರಿಸಿದರೆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಚೇಳಿನ ಮಾತು ಬೇರೆ. ಒಣಭೂಮಿಯ ಕಲ್ಲುಸಂದಿಗಳಲ್ಲಿರುವ ಕೆಂಪು ಚೇಳಿನ ಕುಟುಕು ಚಿಕ್ಕ ಮಕ್ಕಳ ಹೃದಯಕ್ಕೆ ಅಪಾಯ ತರಬಲ್ಲದು. ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನಲ್ಲಿ ವೃತ್ತಿನಿರತರಾಗಿದ್ದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆಯಿಂದ ಇಂಥ ರೋಗಿಗಳನ್ನು ಉಳಿಸಬಹುದೆಂದು ತೋರಿಸಿಕೊಟ್ಟರು. ಆ ಮಾತ್ರೆಯನ್ನು ವೈದ್ಯರೇ ಕೊಡಬೇಕು. ಆದ್ದರಿಂದ ಮಗು ಆಸ್ಪತ್ರೆಗೆ ತಲಪುವ ವೇಳೆಯೇ ಮುಖ್ಯ. ಕಟ್ಟುಹಾವಿನ ಕಡಿತದಲ್ಲಿ ನೋವೂ ಬಾವೂ ಅತ್ಯಲ್ಪವಾದ್ದರಿಂದ ‘ಯಾವುದೋ ಹುಳ’ ಎಂದು ಮಲಗಿಸಿಬಿಟ್ಟು ಬೆಳಗಿನೊಳಗೆ ಜೀವ ಹೋದ ಪ್ರಕರಣಗಳು ನಾಡಿನಲ್ಲಿ ಕಡಿಮೆಯಿಲ್ಲ. ಏನು ಕಚ್ಚಿತೆಂಬುದು ಖಚಿತವಿಲ್ಲದಾಗ ಹಾವೇ ಕಚ್ಚಿರಬಹುದೆಂದು ಭಾವಿಸಿ, ಕುಯ್ಯದೆ, ಬಿಗಿಯಾಗಿ ಕಟ್ಟದೆ, ಮಗುವನ್ನು ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು.

ಪಂಚಾಯಿತಿಯ ಕೈಯಲ್ಲಿರುವುದು

ಸಂವಿಧಾನದ 11ನೆಯ ಅನುಸೂಚಿಯು ಪಂಚಾಯಿತಿಗಳಿಗೆ ವಹಿಸಬಹುದೆಂದು ಪಟ್ಟಿ ಮಾಡಿರುವ 29 ವಿಷಯಗಳಲ್ಲಿ 17ನೆಯದು ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳೂ ಸೇರಿದ ಶಿಕ್ಷಣ. ಪಾಠ ಹೇಳುವುದು ಶಿಕ್ಷಕರ ಕೆಲಸ, ಅದರಲ್ಲಿ ಸದಸ್ಯರು ಕೈಹಾಕಬೇಕಾಗಿಲ್ಲ. ಪಾಠ ನಡೆಯುವ ನೆಲ, ನೀರು, ಬೇಲಿ, ದೀಪ ಮಾತ್ರ ಪಂಚಾಯಿತಿಯ ಜವಾಬ್ದಾರಿಗೆ ಸೇರಿದವು. ಶಾಲೆಯ ನೀರಿನ ತೊಟ್ಟಿಯನ್ನೇ ನೋಡಬಹುದು. ಡೆಂಗಿ ಹರಡುವ ಸೊಳ್ಳೆ ಶುದ್ಧ ನಿಂತ ನೀರಿನಲ್ಲಿ ಮೊಟ್ಟೆಯಿಟ್ಟು, ಸುಮಾರು ಏಳರಿಂದ ಹತ್ತು ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ. ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ ಉಜ್ಜಿ ಒಣಗಿಸಬೇಕೆನ್ನುವುದು ಈ ಲೆಕ್ಕದಿಂದಲೇ. ಉಜ್ಜುವುದನ್ನು ಮರೆತರೆ ಗೋಡೆಗಂಟಿದ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿಯೂ ಜೀವದಿಂದಿರುತ್ತವೆ. ಮಕ್ಕಳು ಒಂದು ಗಾಜಿನ ಸೀಸೆಯಲ್ಲಿ ಮರಿಗಳನ್ನು ಹಿಡಿದು, ಬಾಯಿಗೆ ಬಟ್ಟೆ ಕಟ್ಟಿ, ಎರಡು ದಿನ ನೋಡಿ, ಬಿಸಿಲಿನ ಒಣನೆಲಕ್ಕೆ ಸುರಿದರೆ ಆ ಲೆಕ್ಕ ಮನೆಮನೆಗೂ ತಲಪುತ್ತದೆ. ಕರಪತ್ರ ಹಂಚಿ ಮಾಡಲಾಗದ ಕೆಲಸ ಇದರಿಂದ ಆದೀತು.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೊಡನೆ ಮಾತನಾಡಿ ನಾಲ್ಕಾರು ಭೂತಗನ್ನಡಿ, ಮುಚ್ಚಳದಲ್ಲಿ ತೂತಿರುವ ಪಾರದರ್ಶಕ ಡಬ್ಬಿಗಳು, ಒಂದು ದಪ್ಪ ನೋಟ್‌ಪುಸ್ತಕ ಇಷ್ಟನ್ನು ಒದಗಿಸುವುದು ದೊಡ್ಡ ಹೊರೆಯಲ್ಲ. ಹಿಡಿದ ಜೀವಿಯನ್ನು ಸಂಜೆಯೊಳಗೆ ಹಿಡಿದಲ್ಲಿಯೇ ಬಿಡಬೇಕು, ಚೇಳು ಮತ್ತು ಕಂಬಳಿಹುಳುವನ್ನು ಕೈಯಲ್ಲಿ ಮುಟ್ಟಬಾರದು ಎಂಬ ಎರಡು ಕಟ್ಟಳೆ ಸಾಕು. ಗುರುತು ಸಿಗದ ಬೆಳೆಹುಳುವಿನ ಬಗ್ಗೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಬಹುದು. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಮಕ್ಕಳ ವಿಜ್ಞಾನದ ಪುಸ್ತಕಗಳ ಕಪಾಟಿನ ಬಳಿಯೇ ಈ ನೋಟ್‌ಪುಸ್ತಕಕ್ಕೂ ಒಂದು ಜಾಗ ಕೊಟ್ಟರೆ ರಜೆಯಲ್ಲಿಯೂ ಬರವಣಿಗೆ ಮುಂದುವರಿಯುತ್ತದೆ.

2002ರ ಜೀವವೈವಿಧ್ಯ ಅಧಿನಿಯಮದ 41ನೆಯ ಪ್ರಕರಣದಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಸ್ಥಳೀಯ ಜನರೊಡನೆ ಸಮಾಲೋಚಿಸಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುವುದು ಅದರ ಮುಖ್ಯ ಕರ್ತವ್ಯ. ಇಂಥ ದಾಖಲಾತಿಗಳಲ್ಲಿ ಮರಗಿಡ, ದನಕರು, ಹಕ್ಕಿಗಳ ಪುಟಗಳು ತುಂಬುವಷ್ಟು ಸುಲಭವಾಗಿ ಕೀಟ, ಜೇಡಗಳ ಪುಟಗಳು ತುಂಬುವುದಿಲ್ಲ. ಊರಿನ ಹುಳುಗಳ ಊರಿನ ಹೆಸರುಗಳನ್ನು ಬಲ್ಲವರು ಅಜ್ಜಿಯರು ಮತ್ತು ಮಕ್ಕಳು. ಸಮಿತಿಯ ಸಭೆಗೆ ಇಬ್ಬರೂ ಬರುವುದಿಲ್ಲ. ಮಕ್ಕಳ ಗ್ರಾಮ ಸಭೆಯ ಕಾರ್ಯಸೂಚಿಯಲ್ಲಿ ಇದಕ್ಕೊಂದು ಅಂಶ ಸೇರಿಸಿ, ಶಾಲೆಯ ನೋಟ್‌ಪುಸ್ತಕದಲ್ಲಿರುವ ಹೆಸರು, ಕಂಡ ಜಾಗ, ಕಂಡ ತಿಂಗಳು ಇವನ್ನು ಓದಿಸಿ, ಶಿಕ್ಷಕರು ಪರಿಶೀಲಿಸಿದ ನಂತರ ದಾಖಲಾತಿಗೆ ಸೇರಿಸಿಕೊಳ್ಳಲು ಸಮಿತಿಯಲ್ಲಿ ನಿರ್ಣಯ ಮಾಡಬಹುದು. ಬಂಡೆಯ ಕೆಳಗಿನ ಧೂಳಿನಲ್ಲಿ ಹಿಂದಕ್ಕೆ ನಡೆಯುವ ಆ ಹುಳುವಿಗೆ ತಮ್ಮ ಊರಿನಲ್ಲಿ ಏನೆನ್ನುತ್ತಾರೆ ಎಂಬ ಪ್ರಶ್ನೆಯಿಂದ ಆ ದಿನದ ಸಭೆಯನ್ನು ಆರಂಭಿಸಬಹುದು.